ಆಕೆಗೂ ಗೊತ್ತಿದ್ದ ಶಬ್ದ

ಚಪ್ಪಾಳೆ ಶುರುವಾದಾಗ ಬಂಗಾರೆವ್ವನ ಅಂಗೈಯಲ್ಲಿದ್ದ ಕೈ ಮೆಲ್ಲಗೆ ಜಾರಿಕೊಂಡು ಹೊರಗೆ ಹೋಯಿತು. ತಾನೂ ತಟ್ಟಲಿಕ್ಕೆ ಬಿಡಿಸಿಕೊಂಡಳೇನೋ ಎಂದು ಬಂಗಾರೆವ್ವ ಪಕ್ಕಕ್ಕೆ ನೋಡಿದಳು. ಪಕ್ಕದ ಮನೆಯ ಎನಿಡ್ ತಟ್ಟುತ್ತಿರಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿನ ಕರಿ ಪರ್ಸಿನ ಮೇಲಿಟ್ಟುಕೊಂಡು, ಇಗರ್ಜಿಯಲ್ಲಿ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಸುತ್ತ ಇದ್ದವರೆಲ್ಲ ಎದ್ದು ನಿಂತಿದ್ದರು. ಎದ್ದವರ ನಡುವೆ ಕೂತವಳು ಅವಳೊಬ್ಬಳೇ. ಮಂಡಿನೋವಿನ ಬಂಗಾರೆವ್ವ ಅರ್ಧ ಎದ್ದು ಮತ್ತೆ ಕೂತಳು.

ಮೈಕಿನ ಮುಂದೆ ಅಳಿಯ ಶರಣಪ್ಪ ನಿಂತಿದ್ದ. ಕನ್ನಡ ಕೂಟಕ್ಕೆ ಆ ವರ್ಷ ಅವನೇ ಕಾರ್ಯದರ್ಶಿ. ಅಮೆರಿಕದ ಸ್ಯಾನ್ ಹೋಸೆಯ ಒಂದು ಶಾಲೆಯ ಊಟದ ಹಾಲಿನಲ್ಲಿ ರಾಜ್ಯೋತ್ಸವ. ಹಿಂದಿನ ಗೋಡೆಗೆ ಭುವನೇಶ್ವರಿಯ ಪಟ, ಅದರ ಪಕ್ಕದಲ್ಲಿ ಶಾಲೆಯವರು ಅಂಟಿಸಿದ್ದ, ಹಾಲು ಕುಡಿಯಿರಿ ಎಂಬ ಜಾಹೀರಾತು. ಬಿಸಿಬೇಳೆಭಾತಿನ ವಾಸನೆ ಆಗಲೇ ಮುಂದಿನ ಸಾಲಿನವರೆಗೆ ಬಂದಿತ್ತು.

"ಇವರ ಹಿರಿಯರು ಮದರಾಸಿನ ಬಂದರಿನಲ್ಲಿ ಹಡಗು ಹತ್ತಿದವರು," ಎಂದು ಶರಣಪ್ಪ ಕಂಠವೆತ್ತಿ ಹೇಳಿದ್ದ. "ಕೂಲಿಗಳಾಗಿ ಹೋದರು. ಕೂಲಿಗಳಾಗಿ ಬದುಕಿದರು. ಕೂಲಿಗಳಾಗಿಯೇ ಒಂದು ನಾಡನ್ನು ಕಟ್ಟಿದರು. ಗ್ರೆನಾಡಾ ಎಂಬ ಆ ಪುಟ್ಟ ದ್ವೀಪ ಈ ಹೊತ್ತು ಸಂಕಟದಲ್ಲಿದೆ. ಆ ಕೂಲಿಗಳ ಕುಡಿಯೊಂದು ಇಂದು ನಮ್ಮ ನಡುವೆ ಕೂತಿದೆ. ಎಲ್ಲರೂ ಎದ್ದು ನಿಂತು ಗೌರವಿಸೋಣ."

ಅವನ ದನಿ ಕೊನೆಗೆ ಗದ್ಗದವಾಗಿತ್ತು. ಅದು ನಾಟಕವಲ್ಲ, ಅವನಿಗೆ ನಿಜವಾಗಿ ಹಾಗೇ ಆಗಿತ್ತು. ಇಬ್ಬರು ಹೆಂಗಸರು ಬಂದು ಎನಿಡ್‌ಳ ಹೆಗಲಿಗೆ ಶಾಲು ಹೊದಿಸಿದರು, ಹಣೆಗೆ ಕುಂಕುಮವಿಟ್ಟರು. ಎನಿಡ್ ತಡೆಯಲಿಲ್ಲ. ಅವರು ಹೋದ ಮೇಲೆ ಶಾಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ಸಾಲಿನವರ ಮಂಡಿಗಳನ್ನು ದಾಟಿಕೊಂಡು ಹೊರಗೆ ಹೋದಳು. ಬಚ್ಚಲಿಗೆ ಹೋದಳೆಂದುಕೊಂಡರು. ಊಟಕ್ಕೆ ಸಾಲು ನಿಂತಾಗ ಮಗಳು ಶೈಲಜಾ ಹುಡುಕಿದರೆ, ಎನಿಡ್ ಪಾರ್ಕಿಂಗ್ ಲಾಟಿನಲ್ಲಿ ಅವರ ಕಾರಿನ ಪಕ್ಕ ನಿಂತಿದ್ದಳು. ಹಣೆಯ ಮೇಲೆ ಕುಂಕುಮ ಒರೆಸಿದ ಕೆಂಪು ಗೆರೆ ಉಳಿದಿತ್ತು. ತಲೆ ನೋಯುತ್ತಿದೆ, ಮನೆಗೆ ಬಿಡಬಹುದೇ ಎಂದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಥ್ಯಾಂಕ್ ಯೂ ಎಂದದ್ದು ಶೈಲಜಾಳಿಗೆ ಮಾತ್ರ.

ಎನಿಡ್ ರಾಮ್‌ದೀನ್ ಎವರ್‌ಗ್ರೀನ್ ಬಡಾವಣೆಯಲ್ಲಿ ಅವರ ಬೇಲಿಯಾಚೆಯ ಮನೆಯವಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಂಡು ನಿವೃತ್ತಳಾದವಳು, ಗಂಡನಿಲ್ಲ, ಮಕ್ಕಳಿಲ್ಲ. ನೋಡಿದರೆ ಬಂಗಾರೆವ್ವನ ಊರಾದ ಗುಳೇದಗುಡ್ಡದ ಯಾವುದೋ ಓಣಿಯ ಹೆಣ್ಣುಮಗಳು, ಬಾಯಿ ತೆರೆದರೆ ಒಂದು ಬಗೆಯ ಹಾಡಿನಂಥ ಇಂಗ್ಲಿಷು. ಮಗಳ ಮನೆಗೆ ಬಂದ ಹೊಸದರಲ್ಲಿ ಬಂಗಾರೆವ್ವ ಬೇಲಿಯ ಹತ್ತಿರ ನಿಂತು "ಯಾವೂರವ್ವ ನಿಂದು?" ಎಂದು ಕೇಳಿಯೇ ಬಿಟ್ಟಿದ್ದಳು. ಎನಿಡ್ ನಕ್ಕು ತಲೆಯಾಡಿಸಿದ್ದಳು. ಅಲ್ಲಿಂದ ಸ್ನೇಹ. ಬಂಗಾರೆವ್ವನಿಗೆ ಬರುತ್ತಿದ್ದ ಇಂಗ್ಲಿಷು ಕಮ್, ಸಿಟ್, ಈಟ್.

"ನಾಯಿಗೆ ಹೇಳಿದಂಗ ಹೇಳ್ತೀಯಲ್ಲ ಅವ್ವ," ಎಂದು ಶೈಲಜಾ ನಗುತ್ತಿದ್ದಳು.

"ಅಕಿ ಬರ್ತಾಳ, ಕೂಡ್ತಾಳ, ಉಣ್ತಾಳ. ಇನ್ನೇನ್ ಬೇಕು?"

ಒಂದು ದಿನ ಬಂಗಾರೆವ್ವ ಕೆಮ್ಮಿಗೆಂದು ಜಾಯಿಕಾಯಿ ತೇಯುತ್ತಿದ್ದಾಗ ಎನಿಡ್ ಅದನ್ನು ಕೈಗೆತ್ತಿಕೊಂಡು ಮೂಸಿ, ಮುಖ ಕಿವುಚಿ, ಸೀದಾ ಕಸದ ಡಬ್ಬಿಗೆ ಹಾಕಿದಳು. ಮನೆಗೆ ಹೋಗಿ, ಜಾಯಿಕಾಯಿಗೇ ಹೆಸರಾದ ತನ್ನ ದ್ವೀಪದ್ದನ್ನು ತಂದು ಕೊಟ್ಟಳು. "ನಮ್ಮೂರಿಂದ ಕಟ್ಟಿಕೊಂಡು ಬಂದದ್ದನ್ನ ಒಗದ್ಲು ನೋಡು, ಗಂಡಬೀರಿ," ಎಂದು ಬಂಗಾರೆವ್ವ ವಾರವೆಲ್ಲ ಹೇಳಿಕೊಂಡು ನಕ್ಕಳು. ಬಂಗಾರೆವ್ವ ಅವಳನ್ನು ಎನಿಡವ್ವ ಎನ್ನುತ್ತಿದ್ದಳು, ಅವಳು ಇವಳನ್ನು ಮಿಸ್ ಬಂಗಾ ಎನ್ನುತ್ತಿದ್ದಳು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಆ ಬೀದಿಯಲ್ಲಿ ಹಗಲು ಹೊತ್ತು ಬಂಗಾರೆವ್ವನಿಗೆ ಇದ್ದ ಮನುಷ್ಯರೆಂದರೆ ಅವಳೊಬ್ಬಳೇ.

ಎಂಬತ್ತಮೂರನೇ ಇಸವಿಯ ಅಕ್ಟೋಬರಿನ ಕೊನೆಗೆ ಅಮೆರಿಕದ ಸೈನ್ಯ ಆ ದ್ವೀಪದಲ್ಲಿ ಇಳಿದ ದಿನ ಎನಿಡ್ ಒಬ್ಬಳೇ ಟಿವಿ ನೋಡಲಾರದೆ ಇವರ ಮನೆಗೆ ಬಂದು ಕೂತಳು. ಹೆಲಿಕಾಪ್ಟರುಗಳು, ತೆಂಗಿನ ಮರಗಳು, ಹೊಗೆ. ಊರಿನ ಫೋನು ಸತ್ತುಹೋಗಿತ್ತು. ಅವಳ ತಮ್ಮನ ಮಗ ಡೆನ್ಸಿಲ್ ಅಲ್ಲಿನ ಸರ್ಕಾರದ ಜನಸೇನೆಯಲ್ಲಿದ್ದ. ಬದುಕಿದ್ದಾನೋ ಇಲ್ಲವೋ ತಿಳಿಯದು.

ಆವತ್ತು ಎನಿಡ್ ತುಂಬ ಮಾತಾಡಿದಳು. ಶೈಲಜಾ ತಾಯಿಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಮೂಲದ ಜನರನ್ನು ಫ್ರೆಂಚರು ಸಮುದ್ರದವರೆಗೆ ಅಟ್ಟಿದರು. ಫ್ರೆಂಚರಿಂದ ಇಂಗ್ಲಿಷರು ಕಿತ್ತುಕೊಂಡರು. ಆಫ್ರಿಕದಿಂದ ತಂದ ಗುಲಾಮರಿಗೆ ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಇಂಡಿಯಾದಿಂದ ಕರಾರಿನ ಮೇಲೆ ಜನರನ್ನು ಹಡಗಿನಲ್ಲಿ ತಂದರು. ಅವಳ ಮುತ್ತಜ್ಜ ಮುತ್ತಜ್ಜಿ ಹಾಗೆ ಮದರಾಸಿನಿಂದ ಬಂದವರು. ಮಿಷನ್ ಶಾಲೆಗೆ ಸೇರಲು ಹೆಸರು ಬದಲಾಯಿತು, ದೇವರು ಬದಲಾಯಿತು, ಮಾತು ಎರಡು ತಲೆಮಾರಿನಲ್ಲಿ ಹೋಯಿತು. ತೋಟದ ಆಳುಗಳ ಪರವಾಗಿ ದನಿಯೆತ್ತಿದವನೇ ಮುಂದೆ ದೊರೆಯಾದ, ಕೈಯಲ್ಲಿ ದೊಣ್ಣೆ ಕೊಟ್ಟು ಗೂಂಡಾಗಳನ್ನು ಸಾಕಿದ. ಸ್ವಾತಂತ್ರ್ಯ ಬಂದಾಗ ಬಂದರಿನಲ್ಲಿ ಮುಷ್ಕರ, ಮನೆಗಳಲ್ಲಿ ಕರೆಂಟಿಲ್ಲ. ಕತ್ತಲಲ್ಲೇ ಬಾವುಟ ಏರಿಸಿದರು. ಆಮೇಲೆ ಓದಿದ ಹುಡುಗರು ಅವನನ್ನು ಕೆಳಗಿಳಿಸಿ ಒಳ್ಳೆಯದೇ ಮಾಡಹೊರಟರು. ಈಗ ಅವರೇ ಕೋಟೆಯೊಳಗೆ ಒಬ್ಬರನ್ನೊಬ್ಬರು ಗೋಡೆಗೆ ನಿಲ್ಲಿಸಿ ಗುಂಡು ಹಾಕಿಕೊಂಡಿದ್ದಾರೆ.

"ಬಂದವರೆಲ್ಲ ನಮ್ಮನ್ನು ಉದ್ಧಾರ ಮಾಡಲಿಕ್ಕೇ ಬಂದದ್ದು," ಎಂದಳು ಎನಿಡ್, ಟಿವಿಯ ಕಡೆ ಕೈ ಮಾಡಿ. "ಇವರೂ."

ಬಂಗಾರೆವ್ವ ಎಲ್ಲವನ್ನೂ ಕೇಳಿಸಿಕೊಂಡು, "ನಾವೂ ಮೊದಲ ಮುಂಬೈ ಸರ್ಕಾರದಾಗ ಇದ್ವಿ. ಒಂದಿನ ಮುಂಜಾನೆ ಎದ್ರ ಮೈಸೂರಂತ. ಯಾರೂ ನಮ್ಮನ್ನ ಕೇಳಲಿಲ್ಲ ಅನ್ನು," ಎಂದಳು.

ಶರಣಪ್ಪ ಲೈಬ್ರರಿಗೆ ಹೋಗಿ ಪುಸ್ತಕ ತಂದು ಓದಿದ. ಬಳ್ಳಾರಿಯೂ ಆಗ ಮದರಾಸಿಗೇ ಸೇರಿತ್ತಲ್ಲ, ಎನಿಡ್‌ಳ ಹಿರಿಯರು ಕನ್ನಡದವರೇ ಇದ್ದರೂ ಇರಬಹುದು ಎಂದು ಅವನ ತಲೆಗೆ ಹೊಕ್ಕಿತು. ರಾಜ್ಯೋತ್ಸವಕ್ಕೆ ಕರೆದೇ ತೀರಬೇಕೆಂದ. ಕಮಿಟಿಯವರು, "ರಾಜ್ಯೋತ್ಸವಕ್ಕೂ ಗ್ರೆನಾಡಾಗೂ ಏನ್ರೀ ಸಂಬಂಧ? ಪ್ರೋಗ್ರಾಮು ಆಗ್ಲೇ ಲೇಟು," ಎಂದರೂ ಕೇಳಲಿಲ್ಲ. ಎನಿಡ್ ಮೊದಲು ಒಲ್ಲೆನೆಂದಳು. ಮಿಸ್ ಬಂಗಾ ಪಕ್ಕದಲ್ಲಿ ಕೂರುವುದಾದರೆ ಬರುತ್ತೇನೆಂದಳು.

ಭಾಷಣ ಬರೆಯುವಾಗ ಶರಣಪ್ಪ ಅಡಿಗೆಮನೆಗೆ ಬಂದ. "ಅತ್ತೀ, ಇಂಡೆಂಚರ್ಡ್ ಲೇಬರ್ ಅಂತಾರ. ಕರಾರು ಬರಸ್ಕೊಂಡು ಒಯ್ತಾರ, ಬಿಟ್ಟು ಹೋಗೂ ಹಂಗಿಲ್ಲ, ಬರೇ ದುಡೀಬೇಕು. ಇದಕ್ಕ ಕನ್ನಡದಾಗ ಏನಂತಾರ್ರೀ?"

"ನಮ್ಮ ಕಡೆ ಅದಕ್ಕ ಕೂಲಿ ಅಂತಾರ್ರಿ," ಎಂದು ಬಂಗಾರೆವ್ವ ನಕ್ಕಳು. "ಕರಾರು ಇರ್ಲಿ ಬಿಡ್ಲಿ."

ಅವನಿಗೆ ಆ ಮಾತು ಹಿಡಿಸಿತು. ಬರೆದುಕೊಂಡ.

ರಾಜ್ಯೋತ್ಸವದ ಮರುದಿನ ಬಂಗಾರೆವ್ವ ಬೇಲಿಯ ಹತ್ತಿರ ನಿಂತು "ಎನಿಡವ್ವ, ಕಮ್" ಎಂದು ಕರೆದಳು. ಅಡಿಗೆಮನೆಯ ಕಿಟಕಿಯಲ್ಲಿ ಪರದೆ ಅಲುಗಾಡಿತು, ಯಾರೂ ಬರಲಿಲ್ಲ. ಅದರ ಮರುದಿನವೂ ಅಷ್ಟೇ. ತಮ್ಮನ ಮಗ ಸತ್ತ ಸುದ್ದಿಯೇ ಬಂತೇನೋ ಎಂದು ಬಂಗಾರೆವ್ವನಿಗೆ ಅನ್ನ ಸೇರಲಿಲ್ಲ. ಸಂಜೆ ಶೈಲಜಾ ಬಂದ ಕೂಡಲೇ ಚಪ್ಪಲಿ ಬಿಡಲಿಕ್ಕೂ ಬಿಡದೆ ಆಚೆ ಮನೆಗೆ ಕಳಿಸಿದಳು.

ಶೈಲಜಾ ಬೇಗನೇ ವಾಪಸು ಬಂದಳು. ಮುಖ ಬಿಳಿಚಿಕೊಂಡಿತ್ತು. ಶರಣಪ್ಪ ಆಗಷ್ಟೇ ಟೈ ಸಡಿಲಿಸುತ್ತ ಒಳಗೆ ಬಂದಿದ್ದ.

"ಏನಾತು? ಹುಡುಗ..."

"ಹುಡುಗನ ಸುದ್ದಿ ಇನ್ನೂ ಇಲ್ಲ. ಅದಲ್ಲ." ಶೈಲಜಾ ಗಂಡನ ಕಡೆ ತಿರುಗಿದಳು. "ನೀವು ಭಾಷಣದಾಗ ಕೂಲಿ ಅಂದ್ರಿ ನೋಡ್ರಿ. ಅವ್ರ ದ್ವೀಪದಾಗ ಅದು ಹೊಲಸು ಬೈಗುಳ ಅಂತ. ಸಾಲ್ಯಾಗ ಹುಡುಗ್ರು ಕಲ್ಲು ಒಗ್ಯೂವಾಗ ಅನ್ನೂ ಮಾತಂತ. ನಿಮ್ಮ ಭಾಷಣದಾಗ ಆಕಿಗೆ ತಿಳಿದದ್ದು ಗ್ರೆನಾಡಾ ಬಿಟ್ರ ಅದೊಂದ ಶಬ್ದ. ಮತ್ತ ಮತ್ತ ಅದನ್ನ ಅಂದ್ರಿ. ಆಮ್ಯಾಲ ಎಲ್ಲಾರೂ ಎದ್ದು ಚಪ್ಪಾಳಿ ಹೊಡದ್ವಿ."

ಶರಣಪ್ಪ ಟೈಯ ಗಂಟಿನ ಮೇಲೆ ಕೈ ಇಟ್ಟುಕೊಂಡೇ ನಿಂತ. ಆಮೇಲೆ, "ಆದ್ರ ಅದು ನಮ್ಮ ಶಬ್ದ. ನಮ್ಮಲ್ಲಿಂದ ಇಂಗ್ಲಿಷಿನೋರು ಒಯ್ದು ಹೊಲಸು ಮಾಡ್ಯಾರ. ಕೂಲಿ ಅಂದ್ರ ದುಡಿದದ್ದಕ್ಕ ಬರೂ ಪಗಾರ. ಕಿಟ್ಟೆಲ್ ಡಿಕ್ಷನರಿ ಐತಿ, ತಗೊಂಡು ಹೋಗಿ ತೋರಸ್ತೀನಿ. ಶಾಲೂ ಕೊಟ್ಟು ಬರ್ತೀನಿ," ಎಂದ.

"ಡಿಕ್ಷನರಿ ಒಯ್ದ್ರ ಇನ್ನೊಂದ್ಸಲ ಬೈದಂಗ ಆಗ್ತೈತ್ರಿ," ಎಂದಳು ಬಂಗಾರೆವ್ವ.

ಆಕೆ ಅದುವರೆಗೆ ಅಳಿಯನ ಮಾತಿಗೆ ಎದುರಾಡಿದವಳಲ್ಲ. ಅವನು ಡಿಕ್ಷನರಿಯ ಮಾತು ಬಿಟ್ಟ.

ಮರುದಿನ ಶೈಲಜಾಳಿಗೆ ಸ್ಯಾನ್ ಮಟಿಯೋದ ಆಫೀಸಿನಿಂದ ಬೇಗ ಬರುವಂತೆ ತಾಯಿ ಹೇಳಿದ್ದಳು. ಇಳಕಲ್ ಸೀರೆ ಉಟ್ಟು, ಮೇಲೆ ಅಳಿಯನ ಹಳೆಯ ಸ್ವೆಟರು ಹಾಕಿಕೊಂಡು, ಮಗಳು ಬರುವುದರೊಳಗೆ ಬಾಗಿಲಲ್ಲಿ ನಿಂತಿದ್ದಳು.

"ನಾ ಹೇಳೂದನ್ನ ಹೇಳಿದಂಗ ಇಂಗ್ಲಿಷಿನಾಗ ಹೇಳು. ಅಷ್ಟು ಮಾಡು."

"ಏನ್ ಹೇಳ್ತೀ?"

"ನಾನೂ ಕೂಲಿ ಅಂತ."

ಶೈಲಜಾ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಕೂಟದವರಲ್ಲಿ ಯಾರಾದರೂ ಕೇಳಿದರೆ ನಮ್ಮ ತವರಿನಲ್ಲಿ ಮಗ್ಗಗಳಿದ್ದವು ಎನ್ನುತ್ತಿದ್ದಳು. ಸುಳ್ಳಲ್ಲ. ಮಗ್ಗ ಇತ್ತು, ಮನೆಯೊಳಗೆ ನೆಲ ಅಗೆದ ಕುಣಿಯಲ್ಲೇ ಇತ್ತು. ಅದರ ನೂಲು, ಅದರಲ್ಲಿ ನೇಯ್ದ ಖಣ, ಎಲ್ಲ ಸಾಹುಕಾರರದ್ದು. ಅಪ್ಪ ನೇಯುವ ಕೂಲಿ, ಅವ್ವ ನೂಲು ಸುತ್ತುವ ಕೂಲಿ.

"ಅದೆಲ್ಲ ಇಲ್ಲಿ ಯಾಕ ಅವ್ವ? ಸಾರಿ ಅಂದ್ರ ಸಾಕಾಗ್ತೈತಿ."

"ನಡಿ."

ಎನಿಡ್ ಒಳಬಾಗಿಲು ತೆರೆದಳು, ಜಾಲರಿ ಬಾಗಿಲು ತೆರೆಯಲಿಲ್ಲ. ಜಾಲರಿಯ ಹಿಂದೆ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಮಿಸ್ ಬಂಗಾ ಎನ್ನಲಿಲ್ಲ. ಗುಡ್ ಆಫ್ಟರ್‌ನೂನ್ ಎಂದಳು, ಅಂಗಡಿಯವರಿಗೆ ಹೇಳುವ ಹಾಗೆ.

ಬಂಗಾರೆವ್ವ ಸೆರಗು ಸರಿಮಾಡಿಕೊಂಡಳು. "ನಾನೂ ಕೂಲಿ ಮಾಡಿದಾಕಿ. ನಮ್ಮವ್ವನೂ ಕೂಲಿ, ನನ್ನ ಗಂಡನೂ ಕೂಲಿ. ಆ ಮಾತು ಅಳಿಯಾರಿಗೆ ಹೇಳಿ ಕೊಟ್ಟಾಕಿ ನಾನ. ಹೇಳು."

ಶೈಲಜಾ ಇಂಗ್ಲಿಷಿನಲ್ಲಿ, ನನ್ನ ತಾಯಿಯ ಮನೆಯವರೂ ಬಟ್ಟೆಯ ಉದ್ಯೋಗದಲ್ಲಿ ಬಹಳ ಕಷ್ಟಪಟ್ಟವರು, ನಡೆದದ್ದಕ್ಕೆ ಅವರಿಗೆ ಬಹಳ ಬೇಸರವಾಗಿದೆ ಎಂದಳು.

ಬಂಗಾರೆವ್ವ ಮಗಳ ಬಾಯಿಯನ್ನೇ ನೋಡುತ್ತಿದ್ದಳು. "ಹೇಳಿದೇನು?"

"ಹೇಳಿದೆ."

"ಇಲ್ಲ. ನೀ ಕೂಲಿ ಅನ್ನಲಿಲ್ಲ."

ಜಾಲರಿಯ ಹಿಂದೆ ಎನಿಡ್‌ಳ ಗದ್ದ ಬಿಗಿಯಾಯಿತು. ಶೈಲಜಾ ದನಿ ತಗ್ಗಿಸಿ, "ಅವ್ವ, ಆ ಶಬ್ದಕ್ಕ ಆಕಿಗೆ ನೋವಾಗೇದ. ಮತ್ತ ಅದನ್ನ ಹೆಂಗ ಅನ್ನಲಿ?" ಎಂದಳು.

"ಆ ಶಬ್ದದ ಸಲವಾಗೇ ಬಂದೀನಿ ನಾ. ಇಂಗ್ಲಿಷಿನ ಬಾಕಿ ಏನೂ ನನಗ ತಿಳೀದು. ಅದೊಂದು ಅಕೀಗೂ ಗೊತ್ತೈತಿ, ನನಗೂ ಗೊತ್ತೈತಿ. ನಡುವ ನೀ ನುಂಗಿದ್ರ ಹೆಂಗ?"

ಶೈಲಜಾ ಬೀದಿಯ ಕಡೆ ಒಮ್ಮೆ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಜಾಲರಿಯ ಕಡೆ ತಿರುಗಿ, ನಾನು ಸರಿಯಾಗಿ ಹೇಳಲಿಲ್ಲ ಎಂದಳು. ನನ್ನ ತಾಯಿ ಕೂಲಿ. ಅವರ ತಾಯಿ ಕೂಲಿ. ನನ್ನ ತಂದೆ ಕೂಲಿ. ನನ್ನ ಗಂಡನಿಗೆ ಆ ಶಬ್ದ ಕೊಟ್ಟವರು ಇವರೇ. ಹೇಳುತ್ತ ಹೇಳುತ್ತ ಅವಳ ಇಂಗ್ಲಿಷು ಸಣ್ಣದಾಯಿತು.

"ಕೇಳು ಅವರನ್ನು," ಎಂದಳು ಎನಿಡ್. "ಅವರ ಊರಿನಲ್ಲಿ ಅದು ಬೈಗುಳವಲ್ಲವೆ? ಬರೀ ಒಂದು ಶಬ್ದವೆ? ನಿಜ ಹೇಳಲಿ."

ಶೈಲಜಾ ಕೇಳಿದಳು. ಇಲ್ಲ, ಬರೀ ಶಬ್ದ ಎಂದುಬಿಟ್ಟರೆ ಎಲ್ಲವೂ ಅಲ್ಲಿಗೇ ತಿಳಿಯಾಗುತ್ತಿತ್ತು. ಬಂಗಾರೆವ್ವ ಮಂಡಿಯ ಮೇಲೆ ಕೈ ಊರಿಕೊಂಡು ಯೋಚಿಸಿದಳು.

"ಬೈಗುಳಾನೂ ಹೌದು. ಯಾರ ಬಾಯಾಗ ಬರ್ತೈತಿ ಅನ್ನೂದರ ಮ್ಯಾಲ. ನಾವು ನಾವು ಅಂದ್ರ ಅನ್ನ. ಸಾಹುಕಾರನ ಹೇಂತಿ ಅಂದ್ರ ಬೈಗುಳ. ಖಣ ಕೊಡಾಕ ಹ್ವಾದ್ರ, ಕೂಲ್ಯಾರು ಹಿತ್ತಲ ಕಡಿಂದ ಬರ್ರಿ ಅಂತಿದ್ಲು. ಮುಂಬಾಗಲಾಗ ಎತ್ತು ಕಟ್ಟಿರತಿದ್ರು, ಅದಕ್ಕ ಬ್ಯಾಡ ಅಂತಿರಲಿಲ್ಲ. ಈಕಿ ಸಣ್ಣಾಕಿ, ನನ್ನ ಸೆರಗು ಹಿಡಕೊಂಡು ಬರತಿದ್ಲು. ಒಂದ್ಸಲ ಮುಂಬಾಗಲದಿಂದ ಓಡಿ ಹ್ವಾದ್ಲು ಅಂತ ಆ ಹೆಣಮಗಳು ಕಟ್ಟಿ ತೊಳಸಿದ್ಲು. ನನ್ನ ಕಡಿಂದನ ತೊಳಸಿದ್ಲು."

ಇದನ್ನು ಇಂಗ್ಲಿಷಿಗೆ ತರಲು ಶೈಲಜಾಳಿಗೆ ಬಹಳ ಹೊತ್ತು ಹಿಡಿಯಿತು. ಅನ್ನ ಎಂಬಲ್ಲಿ ತಡೆದಳು, ಎತ್ತು ಎಂಬಲ್ಲಿ ತಡೆದಳು. ಈಕಿ ಎಂದು ತಾಯಿ ಹೇಳಿದಲ್ಲೆಲ್ಲ ಅವಳು ನಾನು ಎಂದಳು. ನಾನು ಚಿಕ್ಕವಳು. ನಾನು ಮುಂಬಾಗಿಲಿನಿಂದ ಓಡಿದೆ. ನನ್ನ ಹೆಜ್ಜೆ ಬಿದ್ದ ಕಟ್ಟೆಯನ್ನು ನನ್ನ ತಾಯಿಯಿಂದ ತೊಳೆಸಿದರು.

"ಮತ್ತೆ ನಿನ್ನ ಗಂಡನ ಬಾಯಲ್ಲಿ?" ಎಂದಳು ಎನಿಡ್.

ಶೈಲಜಾ ಅದನ್ನು ತಾಯಿಗೆ ಹೇಳಿದಳು, ಬಂಗಾರೆವ್ವನೇ ಉತ್ತರ ಕೊಟ್ಟಳು. "ಅಳಿಯಾರು ಒಳ್ಳ್ಯಾವ್ರು. ಅವ್ರು ಕೂಲಿ ಮಾಡಿಲ್ಲ. ಪುಸ್ತಕದಾಗ ಓದ್ಯಾರ. ಅದಕ್ಕ ಆ ಮಾತು ಅವ್ರಿಗೆ ಚೆಂದ ಕಾಣಸ್ತು. ಅವ್ರಿಗೆ ಆ ಮಾತು ಕೊಡೂ ಮುಂದ ಇದನ್ನೆಲ್ಲಾ ನಾ ಹೇಳಬೇಕಿತ್ತು. ನನಗ ಹೊಳೀಲಿಲ್ಲ."

ಶೈಲಜಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ ಮೇಲೆ ಎನಿಡ್ ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಶೈಲಜಾ ತಾಯಿಯ ತೋಳು ಹಿಡಿದಳು. ಅಡಿಗೆಮನೆಯ ಕುರ್ಚಿಯೊಂದನ್ನು ಸೊಂಟಕ್ಕೆ ಆನಿಸಿಕೊಂಡು ಎನಿಡ್ ವಾಪಸು ಬಂದಳು. ಜಾಲರಿ ಬಾಗಿಲನ್ನು ಭುಜದಿಂದ ದೂಡಿ ಕುರ್ಚಿಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಒಳಗೆ ಬನ್ನಿ ಎನ್ನಲಿಲ್ಲ. ಬಂಗಾರೆವ್ವನ ಮಂಡಿಯ ಕಡೆ ಬೊಟ್ಟು ಮಾಡಿ, "ಸಿಟ್," ಎಂದಳು.

ಬಂಗಾರೆವ್ವ ಕೂತಳು. ಎನಿಡ್ ಮೆಟ್ಟಿಲ ಮೇಲೆ ಕೂತಳು. ಶೈಲಜಾ ನಿಂತೇ ಇದ್ದು, ಆಮೇಲೆ ಅವಳೂ ಆಫೀಸಿನ ಸ್ಕರ್ಟನ್ನು ಎಳೆದುಕೊಂಡು ಕೆಳಗಿನ ಮೆಟ್ಟಿಲಿಗೆ ಕೂತಳು. ಎದುರಿನ ಗುಡ್ಡಗಳಲ್ಲಿ ಬೇಸಿಗೆಯ ಒಣಹುಲ್ಲು ಇನ್ನೂ ಹಾಗೇ ಇತ್ತು. ಬಿಸಿಲು ಮೇಲಿನ ತುದಿಗೆ ಹೋಗಿತ್ತು.

"ಬೆಳಿಗ್ಗೆ ತಮ್ಮನ ಫೋನು ಸಿಕ್ಕಿತು," ಎಂದಳು ಎನಿಡ್, ಯಾರ ಕಡೆಗೂ ನೋಡದೆ. "ಡೆನ್ಸಿಲ್ ಬದುಕಿದ್ದಾನೆ. ಅಮೆರಿಕದವರು ಹಿಡಿದು ಇಟ್ಟುಕೊಂಡಿದ್ದಾರೆ. ಮೂವತ್ತು ವರ್ಷದ ಮೇಲಾಯಿತು ನಾನು ಈ ದೇಶದಲ್ಲಿ. ಅವರ ಬಾವುಟಕ್ಕೆ ಕೈ ಎದೆಗಿಟ್ಟು ಪ್ರಮಾಣ ಮಾಡಿದವಳು. ಈಗ ನನ್ನ ಹುಡುಗನನ್ನು ಬಿಡಿ ಅಂತ ಯಾರಿಗೆ ಹೇಳಲಿ? ತಮ್ಮ ಹೇಳುತ್ತಾನೆ, ಊರಿನ ಜನ ಸೈನಿಕರಿಗೆ ಹಣ್ಣು ಕೊಡುತ್ತಿದ್ದಾರೆ, ನಾನೂ ಕೊಟ್ಟೆ ಅಂತ."

ಶೈಲಜಾ ಕನ್ನಡದಲ್ಲಿ ಹೇಳಿದಳು. ಈ ಸಲ ಏನನ್ನೂ ಬಿಡಲಿಲ್ಲ.

"ಕೊಡ್ಲಿ," ಎಂದಳು ಬಂಗಾರೆವ್ವ. "ಜೀವ ಉಳದೈತಿ. ಬಿಡಸ್ಕೊಳ್ಳೂಮಟ ಕೊಡಬೇಕಾಗ್ತೈತಿ."

ಶೈಲಜಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಎನಿಡ್ ಅವಳ ಕಡೆ ತಿರುಗಿದಳು. "ನಿನ್ನ ಗಂಡನೊಂದಿಗೆ ನಾನು ಮಾತಾಡಲಾರೆ. ಇವತ್ತಂತೂ ಆಗುವುದಿಲ್ಲ. ಯಾವಾಗ ಆಗುತ್ತದೋ ಗೊತ್ತಿಲ್ಲ," ಎಂದಳು.

ಶೈಲಜಾ ತಲೆಯಾಡಿಸಿದಳು.

ಕತ್ತಲೆ ಇಳಿಯುವ ಹೊತ್ತಿಗೆ ಶರಣಪ್ಪನ ಕಾರು ತಿರುವಿನಲ್ಲಿ ಬಂದು ಪಕ್ಕದ ಮನೆಯ ಮುಂದೆ ನಿಂತಿತು. ಅವನು ಇಳಿದು ಬಾಗಿಲು ಮುಚ್ಚಿದ ಮೇಲೆ ಈಚೆ ಕಟ್ಟೆಯ ಮೇಲೆ ಮೂವರನ್ನೂ ಕಂಡ. ಎರಡು ಹೆಜ್ಜೆ ಬೇಲಿಯ ಕಡೆ ಬಂದು ನಿಂತುಬಿಟ್ಟ. ಬ್ರೀಫ್‌ಕೇಸನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ಹೆಂಡತಿ ಕರೆಯುತ್ತಾಳೋ, ಅತ್ತೆ ಕರೆಯುತ್ತಾಳೋ ಎಂದು ನೋಡಿದ. ಯಾರೂ ಕರೆಯಲಿಲ್ಲ. ಒಳಗೂ ಹೋಗಲಾರದೆ, ಮುಂದೆಯೂ ಬರಲಾರದೆ ಅವನು ಹುಲ್ಲಿನ ಮೇಲೆ ನಿಂತೇ ಇದ್ದ. ಅವನ ಹಿಂದೆ ಕಾರಿನ ಎರಡೂ ದೀಪಗಳು ಗರಾಜಿನ ಬಾಗಿಲಿನ ಮೇಲೆ ಉರಿಯುತ್ತಿದ್ದವು.

ಎನಿಡ್ ಆ ಬೆಳಕನ್ನು ನೋಡುತ್ತಿದ್ದಳು.

"ಅವನಿಗೆ ಹೇಳು," ಎಂದಳು ಶೈಲಜಾಳಿಗೆ. "ದೀಪ ಆರಿಸಲಿಲ್ಲ. ಬೆಳಿಗ್ಗೆಗೆ ಬ್ಯಾಟರಿ ಸತ್ತುಹೋಗುತ್ತದೆ."

ಶೈಲಜಾ ಕೂಗಿ ಹೇಳಿದಳು. ಶರಣಪ್ಪ ತಿರುಗಿ, ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿದ. ಗರಾಜಿನ ಬಾಗಿಲು ಕತ್ತಲಾಯಿತು. ಅವನು ಮತ್ತೆ ಹೊರಗೆ ಬರುವುದು ಕಾಣಿಸಲಿಲ್ಲ. ಬಿಳಿಯ ಅಂಗಿಯಷ್ಟೇ ಹುಲ್ಲಿನ ಮೇಲೆ ಮೊದಲಿದ್ದ ಜಾಗದಲ್ಲಿ ಬಂದು ನಿಂತಿತು.